13 ಕಿಲೋಮೀಟರ್ ನಡೆದ ಕಲ್ಲು

ಕೀನ್ಯಾ ದೇಶದಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ನ್ಯಾಯಾಂಗ ಅಂತ ಒಂದು ಜಾಗ ಇದೆ. ಹೆಸರು ಕೇಳಿ ಕೋರ್ಟು ಕಚೇರಿ ನೆನಪಾದರೆ ತಪ್ಪಿಲ್ಲ, ನನಗೂ ಹಾಗೇ ಆಯಿತು. ಇದು ಹೋಮಾ ಎಂಬ ಪರ್ಯಾಯ ದ್ವೀಪದ ಅಂಚಿನಲ್ಲಿರುವ ಮಣ್ಣಿನ ಕೊರಕಲು ಪ್ರದೇಶ. ಸುಮಾರು 26ರಿಂದ 30 ಲಕ್ಷ ವರ್ಷಗಳ ಹಿಂದೆ ಯಾರೋ ಇಲ್ಲಿ ಕೂತು ನೀರಾನೆಗಳ ಮಾಂಸ ಕೊಯ್ದಿದ್ದಾರೆ. ಮೂಳೆಗಳ ಮೇಲೆ ಕೊಯ್ದ ಗೀರು ಇನ್ನೂ ಇದೆ. ಪಕ್ಕದಲ್ಲೇ ಕಲ್ಲಿನ ಚಕ್ಕೆಗಳೂ ಬಿದ್ದಿವೆ.

ಇಷ್ಟು ವಿಷಯ 2023ರಲ್ಲೇ ಸುದ್ದಿಯಾಗಿತ್ತು. ಥಾಮಸ್ ಪ್ಲಮರ್ ಅವರ ತಂಡ ಅಲ್ಲಿ 330 ಕಲ್ಲಿನ ವಸ್ತುಗಳನ್ನೂ 1,776 ಪ್ರಾಣಿ ಮೂಳೆಗಳನ್ನೂ ಲೆಕ್ಕ ಹಾಕಿತ್ತು. 2025ರ ಆಗಸ್ಟ್‌ನಲ್ಲಿ ಅದೇ ಜಾಗದ ಬಗ್ಗೆ ಇನ್ನೊಂದು ವರದಿ ಬಂತು. ಎಮ್ಮಾ ಫೈನ್‌ಸ್ಟೋನ್ ಮತ್ತು ಸಂಗಡಿಗರು ಆ ಕಲ್ಲುಗಳ ರಾಸಾಯನಿಕ ಗುಣ ಪರೀಕ್ಷಿಸಿ, ಸುತ್ತಮುತ್ತಲಿನ ಬೆಟ್ಟ, ಹೊಳೆಗಳ ಕಲ್ಲಿನ ಜೊತೆ ತಾಳೆ ಹಾಕಿದರು. ಬಹಳಷ್ಟು ಕಲ್ಲುಗಳು ಆ ಜಾಗದವೇ ಅಲ್ಲ ಅಂತ ಗೊತ್ತಾಯಿತು. ಕೆಲವು 13 ಕಿಲೋಮೀಟರ್ ದೂರದಿಂದ ಬಂದಿದ್ದವು. ಮೈಸೂರು ಅರಮನೆಯಿಂದ ಚಾಮುಂಡಿ ಬೆಟ್ಟದ ಮೇಲಿನ ಗುಡಿಗೆ ರಸ್ತೆಯಲ್ಲಿ ಹೋದರೆ ಹೆಚ್ಚುಕಮ್ಮಿ ಅಷ್ಟಾಗುತ್ತದೆ. ಅಷ್ಟು ದೂರ ಕಲ್ಲು ಹೊತ್ತವರ ಮಿದುಳು ನಮ್ಮದರ ಮೂರನೇ ಒಂದು ಭಾಗದಷ್ಟೋ ಏನೋ ಇದ್ದಿರಬೇಕು.

ನನ್ನ ಮಟ್ಟಿಗೆ ಈ 13 ಕಿಲೋಮೀಟರ್ ಅನ್ನೋದು "ಜಗತ್ತಿನ ಅತಿ ಹಳೆಯ ಉಪಕರಣ ಪತ್ತೆ" ಅನ್ನುವ ಯಾವ ತಲೆಬರಹಕ್ಕಿಂತಲೂ ದೊಡ್ಡ ಸುದ್ದಿ. ಯಾಕೆ ಅಂತ ಹೇಳಬೇಕಾದರೆ ಆ "ಅತಿ ಹಳೆಯ" ಓಟದ ಕಥೆಯನ್ನೇ ಮೊದಲು ಹೇಳಬೇಕು.

ಈ ಓಟ ಶುರುವಾದದ್ದು ಟಾಂಜಾನಿಯಾದ ಓಲ್ಡುವಾಯ್ ಕಮರಿಯಲ್ಲಿ. ಲೂಯಿ ಲೀಕಿ, ಮೇರಿ ಲೀಕಿ ದಂಪತಿ ಅಲ್ಲಿ ವರ್ಷಗಟ್ಟಲೆ ಅಗೆದರು. ಸರಳವಾಗಿ ಒಡೆದ ಉರುಟುಕಲ್ಲು, ಅದರಿಂದ ಎದ್ದ ಹರಿತ ಚಕ್ಕೆ, ಇಷ್ಟೇ ಅಲ್ಲಿನ ಸಾಮಾನು. ಇದಕ್ಕೆ ಆ ಕಮರಿಯ ಹೆಸರಿನಿಂದಲೇ ಓಲ್ಡೊವಾನ್ ಅಂತ ಹೆಸರಾಯಿತು. 1959ರಲ್ಲಿ ಮೇರಿ ಅವರಿಗೆ ದಪ್ಪ ದವಡೆ, ದೊಡ್ಡ ಹಲ್ಲಿನ ಒಂದು ತಲೆಬುರುಡೆ ಸಿಕ್ಕಿತು. ಅದೇ ಪದರದಲ್ಲಿ ಕಲ್ಲಿನ ಉಪಕರಣಗಳೂ ಇದ್ದವು. ಕಲ್ಲು ಒಡೆದವನು ಇವನೇ ಅಂತ ಮೊದಲು ಅಂದುಕೊಂಡರು. ಆಮೇಲೆ ಅಲ್ಲೇ ಇನ್ನೊಂದು ಬಗೆಯ ಜೀವಿಯ ಮೂಳೆಗಳು ಸಿಕ್ಕವು. ಮಿದುಳು ಸ್ವಲ್ಪ ದೊಡ್ಡದು, ಹಲ್ಲು ಚಿಕ್ಕದು. 1964ರಲ್ಲಿ ಅದಕ್ಕೆ ಹೋಮೋ ಹ್ಯಾಬಿಲಿಸ್, ಅಂದರೆ ಕೈಚಳಕದ ಮಾನವ, ಅಂತ ಹೆಸರಿಟ್ಟರು. ಉಪಕರಣದ ಪಟ್ಟ ಇವನಿಗೆ ಹೋಯಿತು. ದೊಡ್ಡ ಹಲ್ಲಿನವನು ಪಾಪ, ಬರೀ ಅಗಿಯುವವನಾಗಿ ಉಳಿದ. ಈ ದೊಡ್ಡ ಹಲ್ಲಿನವನನ್ನು ನೆನಪಿಟ್ಟುಕೊಳ್ಳಿ, ಇವನು ಮತ್ತೆ ಬರುತ್ತಾನೆ.

ಆಗ ಲೆಕ್ಕ ಸರಳವಾಗಿತ್ತು. ಉಪಕರಣ ಮಾಡುವವನೇ ಮನುಷ್ಯ. ಕಲ್ಲು ಒಡೆದದ್ದು ಎಲ್ಲಿ ಸಿಕ್ಕಿತೋ ಅಲ್ಲಿಂದ ನಮ್ಮ ಕಥೆ ಶುರು. ತಮಾಷೆ ಏನೆಂದರೆ ಈ ಲೆಕ್ಕವನ್ನು ಕೆಡಿಸಿದವರು ಲೂಯಿ ಲೀಕಿ ಅವರೇ ಚಿಂಪಾಂಜಿಗಳನ್ನು ಗಮನಿಸಲು ಕಾಡಿಗೆ ಕಳಿಸಿದ್ದ ಜೇನ್ ಗುಡಾಲ್. 1960ರಲ್ಲಿ ಗೊಂಬೆ ಕಾಡಿನ ಒಂದು ಚಿಂಪಾಂಜಿ ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿದು ತಿನ್ನುವುದನ್ನು ಅವರು ಕಂಡರು. ಚಿಂಪಾಂಜಿಗಳು ಎಲೆ ಸವರಿ ರೆಂಬೆಯನ್ನು ಕಡ್ಡಿ ಮಾಡಿಕೊಳ್ಳುವುದನ್ನೂ ನೋಡಿದರು. ಇನ್ನು ಉಪಕರಣದ ಅರ್ಥ ಬದಲಿಸಬೇಕು, ಇಲ್ಲ ಮನುಷ್ಯನ ಅರ್ಥ ಬದಲಿಸಬೇಕು, ಎರಡೂ ಆಗದಿದ್ದರೆ ಚಿಂಪಾಂಜಿಯನ್ನೇ ಮನುಷ್ಯ ಅಂತ ಒಪ್ಪಿಕೊಳ್ಳಬೇಕು ಅಂತ ಲೀಕಿ ಬರೆದರು. ಕಡ್ಡಿ ಬಿಡಿ, ಕಲ್ಲನ್ನು ಬೇಕೆಂದೇ ಒಡೆಯುವುದು ನಮ್ಮದು ಮಾತ್ರ ಅಂತ ಗೆರೆಯನ್ನು ಸ್ವಲ್ಪ ಆಚೆ ಎಳೆದು ಸಮಾಧಾನ ಮಾಡಿಕೊಂಡದ್ದೂ ಆಯಿತು.

1997ರಲ್ಲಿ ಇಥಿಯೋಪಿಯಾದ ಗೋನಾದಿಂದ ಸಿಲೇಶಿ ಸೆಮಾ ಮತ್ತು ಸಂಗಡಿಗರು 26 ಲಕ್ಷ ವರ್ಷ ಹಳೆಯ ಉಪಕರಣಗಳ ವರದಿ ಕೊಟ್ಟರು. 2010ರಲ್ಲಿ ಅದೇ ದೇಶದ ದಿಕಿಕಾದಲ್ಲಿ 34 ಲಕ್ಷ ವರ್ಷದ ಎರಡು ಮೂಳೆಗಳ ಮೇಲೆ ಕಲ್ಲಿನಿಂದ ಕೊಯ್ದ ಗುರುತಿದೆ ಅಂದರು. ಅಲ್ಲಿ ಕಲ್ಲು ಸಿಗಲಿಲ್ಲ, ಗುರುತು ಮಾತ್ರ. ಅದು ಪ್ರಾಣಿಗಳ ಕಾಲ್ತುಳಿತದಿಂದಲೋ ಮೊಸಳೆ ಹಲ್ಲಿನಿಂದಲೋ ಆಗಿರಬಹುದು ಅಂತ ಬೇರೆಯವರು ಅಂದರು. ಆ ಜಗಳ ಇನ್ನೂ ತೀರಿಲ್ಲ.

ಆಮೇಲೆ ಬಂದದ್ದೇ ಲೊಮೆಕ್ವಿ.

2011ರ ಜುಲೈ 9. ಕೀನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕೆ ಸೋನಿಯಾ ಹರ್ಮಾಂಡ್ ಮತ್ತು ಜೇಸನ್ ಲೂಯಿಸ್ ಅವರ ತಂಡ ಹೊರಟಿತ್ತು. ದಾರಿ ತಪ್ಪಿತು. ಎಲ್ಲಿದ್ದೇವೆ ಅಂತ ನೋಡಲು ಒಂದು ಗುಡ್ಡ ಹತ್ತಿದರು. ಜಾಗ ಯಾಕೋ ಚೆನ್ನಾಗಿದೆ ಅನ್ನಿಸಿ ಅಲ್ಲೇ ಹುಡುಕತೊಡಗಿದರು. ಸಂಜೆ ಚಹಾದ ಹೊತ್ತಿಗೆ ತುರ್ಕಾನಾ ಸಮುದಾಯದ ಸ್ಯಾಮಿ ಲೊಕೊರೊಡಿ ಅವರ ಕಣ್ಣಿಗೆ ಒಡೆದ ಕಲ್ಲುಗಳು ಬಿದ್ದವು. 2015ರ ಮೇ ತಿಂಗಳಲ್ಲಿ ವರದಿ ಬಂತು. ವಯಸ್ಸು 33 ಲಕ್ಷ ವರ್ಷ. ಅಂದರೆ ಗೋನಾಕ್ಕಿಂತ 7 ಲಕ್ಷ ವರ್ಷ ಹಿಂದಿನದು. ಈವರೆಗೆ ಸಿಕ್ಕಿರುವ ಹೋಮೋ ಕುಲದ ಅತಿ ಹಳೆಯ ದವಡೆಗೇ ಸುಮಾರು 28 ಲಕ್ಷ ವರ್ಷ. ಹಾಗಾದರೆ ಲೊಮೆಕ್ವಿಯಲ್ಲಿ ಕಲ್ಲು ಒಡೆದವರು ನಮ್ಮ ಕುಲದವರೇ ಅಲ್ಲ! ಪತ್ರಿಕೆಗಳಿಗೆ ಇನ್ನೇನು ಬೇಕು?

ಈ ಲೊಮೆಕ್ವಿ ಕಲ್ಲುಗಳು ನಾವು ಅಂದುಕೊಳ್ಳುವ ಹಾಗೆ ಕೈಯಲ್ಲಿ ಹಿಡಿಯುವ ಪುಟ್ಟ ಸಾಮಾನುಗಳಲ್ಲ. ಚಕ್ಕೆ ಎಬ್ಬಿಸಿದ ಮೂಲ ಕಲ್ಲಿಗೆ ತಿರುಳುಗಲ್ಲು ಅನ್ನುತ್ತಾರೆ. ಲೊಮೆಕ್ವಿಯ ತಿರುಳುಗಲ್ಲುಗಳ ಸರಾಸರಿ ತೂಕವೇ 3 ಕಿಲೊ ದಾಟುತ್ತದೆ. ಅಲ್ಲಿ ಸಿಕ್ಕಿದ್ದರಲ್ಲಿ 15 ಕಿಲೊ ತೂಗುವ ಕಲ್ಲೂ ಇದೆ. ಇಂಥದ್ದನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಹೊಡೆಯಲು ಆಗಲ್ಲ. ಕೆಳಗೊಂದು ಅಡಿಗಲ್ಲು ಇಟ್ಟು, ದೊಡ್ಡ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅದಕ್ಕೆ ಅಪ್ಪಳಿಸಿರಬೇಕು. ಇಲ್ಲವೇ ಅಡಿಗಲ್ಲಿನ ಮೇಲೆ ಇಟ್ಟು ಮೇಲಿನಿಂದ ಜಜ್ಜಿರಬೇಕು. ನಮ್ಮ ಕಡೆ ಗಟ್ಟಿ ಕಾಯಿಯನ್ನು ಮೆಟ್ಟಿಲಿಗೆ ಬಡಿಯುತ್ತೇವಲ್ಲ, ಹಾಗೆ.

ಇಲ್ಲಿ ಸ್ವಲ್ಪ ನಿಂತು, ಕಲ್ಲು ಒಡೆಯೋದು ಅಂದರೆ ಏನು ಅಂತ ಹತ್ತಿರದಿಂದ ನೋಡೋಣ. ಇದು ಗೊತ್ತಿಲ್ಲದಿದ್ದರೆ ಮುಂದಿನ ಜಗಳ ಯಾವುದೂ ಅರ್ಥವಾಗುವುದಿಲ್ಲ.

ಓದಿ ಓದಿ ಒಂದು ಸಲ ನನಗೂ ಹುಕಿ ಬಂತು. ಮನೆ ಹಿಂದೆ ಬಿದ್ದಿದ್ದ ಮುಷ್ಟಿ ಗಾತ್ರದ ಎರಡು ಕಪ್ಪು ಉರುಟುಕಲ್ಲು ತಗೊಂಡು ಕೂತೆ. ಕನ್ನಡಕ ಹಾಕಿಕೊಂಡೇ ಕೂತೆ, ಚೂರು ಕಣ್ಣಿಗೆ ಹಾರುತ್ತದೆ. ತೆಂಗಿನಕಾಯಿ ಒಡೆಯುವ ಹಾಗೆ ನಡುವಿಗೆ ಹೊಡೆದೆ. ಹತ್ತು ಏಟಿಗೂ ಬಿಳಿ ಪುಡಿ ಬಿಟ್ಟರೆ ಏನೂ ಬರಲಿಲ್ಲ. ಹನ್ನೊಂದನೆಯದು ಹೆಬ್ಬೆರಳಿಗೆ ಬಿತ್ತು. ಪಕ್ಕದ ಸೈಟಿನಲ್ಲಿ ಸೈಜುಗಲ್ಲು ಕಟ್ಟುತ್ತಿದ್ದ ಹಿರಿಯ ಮೇಸ್ತ್ರಿ ಒಬ್ಬರು ಬೇಲಿಯಾಚೆಯಿಂದ ನೋಡುತ್ತಿದ್ದರು. "ಅಂಚು ನೋಡಿ ಹೊಡೀರಿ ಸಾರ್. ನಟ್ಟನಡುವೆ ಹೊಡೆದ್ರೆ ಕಲ್ಲು ಯಾಕೆ ಮಾತು ಕೇಳುತ್ತೆ?" ಅಂದರು.

ಅವರು ಹೇಳಿದ್ದೇ ಪೂರ್ತಿ ಗುಟ್ಟು. ಕಲ್ಲಿನಲ್ಲಿ ಒಂದು ಚಪ್ಪಟೆ ಮುಖ ಬೇಕು. ಆ ಮುಖ ಪಕ್ಕದ ಮುಖವನ್ನು ಕೂಡುವ ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು. ಆ ಅಂಚಿನಿಂದ ಒಂಚೂರು ಒಳಗೆ, ಓರೆಯಾಗಿ, ಹಿಂಜರಿಯದೆ ಒಂದೇ ಏಟು. ಏಟಿನ ಬಲ ಕಲ್ಲಿನೊಳಗೆ ಅಲೆಯಾಗಿ ಇಳಿದು, ಕೆಳಭಾಗದಲ್ಲಿ ಒಂದು ಚಕ್ಕೆ ಕಳಚಿ ಬೀಳುತ್ತದೆ. ಚಕ್ಕೆಯ ಒಳಮೈ ನೋಡಿದರೆ ಏಟು ಬಿದ್ದ ಜಾಗದ ಕೆಳಗೆ ಸಣ್ಣ ಉಬ್ಬು ಇರುತ್ತದೆ. ಅಲ್ಲಿಂದ ಕಪ್ಪೆಚಿಪ್ಪಿನ ಬೆನ್ನ ಮೇಲಿನ ಗೆರೆಗಳ ಹಾಗೆ ಸುತ್ತು ಸುತ್ತು ಅಲೆಗಳು ಹರಡಿರುತ್ತವೆ. ದಪ್ಪ ತಳದ ಸೋಡಾ ಬಾಟಲಿ ಒಡೆದ ಕಡೆ ಗಮನಿಸಿ, ಅದೇ ಗೆರೆ ಅಲ್ಲೂ ಕಾಣುತ್ತದೆ. ಕಳಚಿದ ಜಾಗದಲ್ಲಿ ತಿರುಳುಗಲ್ಲಿನ ಮೇಲೆ ಅದೇ ಆಕಾರದ ತಗ್ಗು ಉಳಿಯುತ್ತದೆ. ಆ ತಗ್ಗಿನ ಅಂಚೇ ಮುಂದಿನ ಏಟಿಗೆ ಜಾಗ.

ಕೊನೆಗೂ ನನಗೆ ಒಂದೇ ಒಂದು ಚಕ್ಕೆ ಬಂತು. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಟೊಮೆಟೊ ಕೊಯ್ದು ನೋಡಿದೆ. ಸಿಪ್ಪೆ ಒಂದಿಷ್ಟೂ ನಜ್ಜಾಗದೆ ಸೀಳಿತು. ನಮ್ಮನೆ ಚಾಕು ಅಷ್ಟು ಚೆನ್ನಾಗಿ ಕೊಯ್ಯಲ್ಲ, ನಿಜ ಹೇಳ್ತೀನಿ. ಆದರೆ ಎರಡನೇ ಚಕ್ಕೆ ಬರಲೇ ಇಲ್ಲ. ಮೊದಲ ಏಟಿಗೇ ಕೋನ ಕೆಟ್ಟಿತ್ತು.

ಒಂದು ಚಕ್ಕೆ ಎಬ್ಬಿಸುವುದು ಅದೃಷ್ಟ. ಅಂಚನ್ನು ಕೆಡಿಸದೆ, ಕಲ್ಲನ್ನು ತಿರುಗಿಸಿಕೊಳ್ಳುತ್ತಾ ಹತ್ತು ಚಕ್ಕೆ ಎಬ್ಬಿಸುವುದು ಕಸುಬು. ಗೋನಾದಲ್ಲಿ ಕಾಣುವುದು ಈ ಕಸುಬೇ. 26 ಲಕ್ಷ ವರ್ಷ ಹಿಂದಿನ ಆ ಕೈಗಳು ಒಂದೇ ಕಲ್ಲಿನಿಂದ ಸಾಲಾಗಿ ಚಕ್ಕೆ ತೆಗೆದಿವೆ. ಎಲ್ಲಿ ಹೊಡೆಯಬೇಕು ಅಂತ ಅವಕ್ಕೆ ಗೊತ್ತಿತ್ತು.

ಬೊನೊಬೊ ಜಾತಿಯ ಕಾಂಜಿ ಎಂಬ ವಾನರನ ಕಥೆ ಇಲ್ಲಿ ಹೇಳಲೇಬೇಕು. 1990ರಿಂದ ನಿಕೋಲಸ್ ಟೋಥ್ ಮತ್ತು ಕ್ಯಾಥಿ ಶಿಕ್ ಅವನಿಗೆ ಕಲ್ಲು ಒಡೆಯುವುದನ್ನು ತೋರಿಸಿಕೊಟ್ಟರು. ಹಗ್ಗ ಕೊಯ್ದರೆ ಪೆಟ್ಟಿಗೆಯೊಳಗಿನ ತಿಂಡಿ ಸಿಗುತ್ತಿತ್ತು. ಕಾಂಜಿ ಚಕ್ಕೆ ಮಾಡುವುದನ್ನು ಕಲಿತ. ಆದರೆ ಅಂಚು, ಕೋನ ನೋಡಿ ಹೊಡೆಯುವುದು ಅವನಿಗೆ ಅಷ್ಟಾಗಿ ಒಗ್ಗಲಿಲ್ಲ. ಸಿಟ್ಟು ಬಂದಾಗ ಕಲ್ಲನ್ನು ಗಟ್ಟಿ ನೆಲಕ್ಕೆ ಎತ್ತಿ ಎಸೆಯುವ ಉಪಾಯ ತಾನೇ ಕಂಡುಕೊಂಡ. ಚೂರಾಗುತ್ತಿತ್ತು, ಹರಿತವಾದದ್ದನ್ನು ಆರಿಸಿಕೊಳ್ಳುತ್ತಿದ್ದ. ತೋರಿಸಿಕೊಟ್ಟವರ ಪಾಠಕ್ಕಿಂತ ಅವನ ಉಪಾಯವೇ ಸುಲಭ ಅಂತ ನನಗೂ ಅನ್ನಿಸುತ್ತದೆ, ಹೆಬ್ಬೆರಳು ಊದಿದ ಮೇಲಂತೂ. 2025ರ ಮಾರ್ಚ್‌ನಲ್ಲಿ ಕಾಂಜಿ ತೀರಿಕೊಂಡ.

ಅವನನ್ನಾದರೂ ಮನುಷ್ಯರು ಕಲಿಸಿದ್ದರು ಅನ್ನಬಹುದು. 2016ರಲ್ಲಿ ಬ್ರೆಜಿಲ್‌ನಿಂದ ಬಂದ ವರದಿಗೆ ಆ ನೆಪವೂ ಇರಲಿಲ್ಲ. ಸೆರಾ ದ ಕಾಪಿವಾರಾ ಕಾಡಿನ ಕಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟಿ, ಆ ಪುಡಿಯನ್ನು ನೆಕ್ಕುತ್ತವೆ. ಕುಟ್ಟುವಾಗ ಚಕ್ಕೆ ಹಾರುತ್ತದೆ. ಆ ಚಕ್ಕೆಗಳಲ್ಲಿ ಪುರಾತತ್ತ್ವಜ್ಞರು ಹುಡುಕುವ ಗುರುತುಗಳೆಲ್ಲ ಇವೆ. ಆಫ್ರಿಕಾದ ಹಳೆಯ ಪದರದಲ್ಲಿ ಸಿಕ್ಕಿದ್ದರೆ ಉಪಕರಣ ಅಂತ ಹೆಸರಿಟ್ಟು ಪೆಟ್ಟಿಗೆಗೆ ಹಾಕುತ್ತಿದ್ದರೋ ಏನೋ. ಕೋತಿಗಳು ಮಾತ್ರ ಆ ಚಕ್ಕೆಯನ್ನು ತಿರುಗಿಯೂ ನೋಡುವುದಿಲ್ಲ. 2023ರಲ್ಲಿ ಥಾಯ್ಲೆಂಡಿನಿಂದ ಇಂಥದ್ದೇ ಇನ್ನೊಂದು ವರದಿ ಬಂತು. ಫಾಂಗ್ ಙಾ ಕೊಲ್ಲಿಯ ಉದ್ದ ಬಾಲದ ಕೋತಿಗಳು ತಾಳೆಎಣ್ಣೆ ಮರದ ಕಾಯಿ ಜಜ್ಜುತ್ತವೆ. ಗುರಿ ತಪ್ಪಿ ಕಲ್ಲಿಗೆ ಕಲ್ಲು ತಾಗಿದಾಗ ಚಕ್ಕೆ ಏಳುತ್ತದೆ. ಟೋಮೋಸ್ ಪ್ರಾಫಿಟ್ ಮತ್ತು ಸಂಗಡಿಗರು ಹೀಗೆ ಒಡೆದ ಸಾವಿರಕ್ಕೂ ಹೆಚ್ಚು ಕಲ್ಲು ಆರಿಸಿದರು. ಅವುಗಳಲ್ಲಿ ಕೆಲವನ್ನು ಪೂರ್ವಜರ ಚಕ್ಕೆಗಳ ಮಧ್ಯೆ ಇಟ್ಟರೆ ಬೇರೆ ಮಾಡುವುದು ಕಷ್ಟ.

ಹರಿತವಾದ ಕಲ್ಲಿನ ಚಕ್ಕೆ ತಾನಾಗಿಯೇ ಏನನ್ನೂ ಸಾಬೀತು ಮಾಡುವುದಿಲ್ಲ ಅಂತಾಯಿತು. ಬಿಸಿಲಿಗೆ, ಹೊಳೆಯ ಹೊಡೆತಕ್ಕೆ ಸಿಡಿದ ಕಲ್ಲಿಗೂ ಅಂಚು ಬರುತ್ತದೆ. ಮೆಟಿನ್ ಎರೆನ್ ಮತ್ತು ಕೆಲವರು 2025ರಲ್ಲಿ ಇದನ್ನೇ ಒಂದು ವಾದವಾಗಿ ಮುಂದಿಟ್ಟರು. ನಮ್ಮ ಪೂರ್ವಜರು ಮೊದಮೊದಲು ಹರಿತ ಕಲ್ಲನ್ನು ಮಾಡಲೇ ಇಲ್ಲ, ಬಿದ್ದಿದ್ದನ್ನು ಎತ್ತಿಕೊಂಡು ಬಳಸಿದರು, ಅದು ಸಾಲದೆ ಬಂದಾಗ ಒಡೆಯಲು ಕಲಿತರು ಅನ್ನುವುದು ಅವರ ಮಾತು. ಕೊಯ್ಯುವ ಆಸೆ ಮೊದಲು, ಚಾಕು ಆಮೇಲೆ. ನನಗೆ ಇದು ಸಹಜ ಅನ್ನಿಸುತ್ತದೆ. ಕತ್ತರಿಸಬೇಕಾದದ್ದೇನೂ ಇಲ್ಲದವನು ಸುಮ್ನೆ ಕಲ್ಲು ಒಡೆದುಕೊಂಡು ಯಾಕೆ ಕೂರುತ್ತಾನೆ, ಅಲ್ವಾ? ಆದರೆ ಎತ್ತಿಕೊಂಡು ಬಳಸಿ ಬಿಸಾಡಿದ ಕಲ್ಲನ್ನು ಮಣ್ಣಿನಲ್ಲಿ ಗುರುತಿಸುವುದು ಹೇಗೆ ಅನ್ನೋದು ಬೇರೆಯೇ ತಲೆನೋವು.

ಇನ್ನು ಲೊಮೆಕ್ವಿಗೆ ವಾಪಸ್ ಬರೋಣ. ಅಲ್ಲಿನ ಪೇಚು ಕಲ್ಲಿನದ್ದಲ್ಲ, ಮಣ್ಣಿನದ್ದು. ಕಲ್ಲು ಹುಟ್ಟಿದ ವಯಸ್ಸು ಬೇರೆ, ಅದನ್ನು ಯಾರೋ ಒಡೆದ ವಯಸ್ಸು ಬೇರೆ. ಕಲ್ಲನ್ನೇ ಪರೀಕ್ಷೆ ಮಾಡಿದರೆ ಮೊದಲನೆಯದು ಸಿಗುತ್ತದೆ, ನಮಗೆ ಬೇಕಾದದ್ದು ಎರಡನೆಯದು. ಹಾಗಾಗಿ ಅದು ಹೂತುಹೋದ ಪದರದ ವಯಸ್ಸು ನೋಡುತ್ತಾರೆ. ಪೂರ್ವ ಆಫ್ರಿಕಾದಲ್ಲಿ ಜ್ವಾಲಾಮುಖಿಗಳು ಆಗಾಗ ಬೂದಿ ಉಗುಳಿದ್ದು ಇದಕ್ಕೆ ವರವಾಯಿತು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾಲಕ್ರಮದಲ್ಲಿ ಒಂದೇ ವೇಗದಲ್ಲಿ ಆರ್ಗಾನ್ ಅನಿಲವಾಗುತ್ತಾ ಹೋಗುತ್ತದೆ. ಅದನ್ನು ಅಳೆದರೆ ಬೂದಿ ಬಿದ್ದ ಕಾಲ ಗೊತ್ತಾಗುತ್ತದೆ. ಇನ್ನೊಂದು ಗಡಿಯಾರ ಭೂಮಿಯ ಕಾಂತಕ್ಷೇತ್ರ. ಅದು ಆಗಾಗ ಉತ್ತರ ದಕ್ಷಿಣ ಅದಲುಬದಲಾಗುತ್ತದೆ. ಮಣ್ಣಿನ ಸಣ್ಣ ಕಣಗಳಲ್ಲಿ ಆಗಿನ ದಿಕ್ಕು ಅಚ್ಚೊತ್ತಿರುತ್ತದೆ. ಸುಮಾರು 25.8 ಲಕ್ಷ ವರ್ಷದ ಹಿಂದೆ ಒಂದು ದೊಡ್ಡ ಅದಲುಬದಲು ಆಗಿತ್ತು. ಗೋನಾದ ಲೆಕ್ಕಕ್ಕೆ ಅದೇ ಆಧಾರಗಳಲ್ಲಿ ಒಂದು.

ಇವೆಲ್ಲ ನಡೆಯುವುದು ಕಲ್ಲು ಪದರದೊಳಗೆ ಗಟ್ಟಿಯಾಗಿ ಕೂತಿದ್ದರೆ ಮಾತ್ರ. ಲೊಮೆಕ್ವಿಯ ಮೊದಲ ವರದಿಯಲ್ಲಿದ್ದ 149 ಕಲ್ಲುಗಳಲ್ಲಿ ಹೆಚ್ಚಿನವು ಮೇಲ್ಮೈಯಲ್ಲಿ ಸಿಕ್ಕವು. ಮಣ್ಣಿನೊಳಗಿಂದ ತೆಗೆದದ್ದು ಸುಮಾರು 20. 2016ರಲ್ಲೇ ಮ್ಯಾನುಯೆಲ್ ಡೊಮಿಂಗೆಸ್ ರೊಡ್ರಿಗೋ ಮತ್ತಿತರರು ಈ ಕೊಕ್ಕೆ ತೆಗೆದರು. ಗುಡ್ಡದ ಮೇಲಿನ, ಕಡಿಮೆ ವಯಸ್ಸಿನ ಕಲ್ಲುಗಳು ಜಾರಿ ಬಂದು ಹಳೆಯ ಮಣ್ಣಿನಲ್ಲಿ ಸೇರಿಕೊಂಡಿರಬಹುದಲ್ಲ ಅಂದರು. ಅಗೆದವರ ಕಡೆಯ ಬಲವಾದ ಸಾಕ್ಷಿ ಒಂದು ಜೋಡಿ. ಮಣ್ಣಿನೊಳಗೆ ಸಿಕ್ಕಿದ ಒಂದು ಚಕ್ಕೆ, ಮೇಲ್ಮೈಯಲ್ಲಿ ಸಿಕ್ಕಿದ ಒಂದು ತಿರುಳುಗಲ್ಲಿನ ತಗ್ಗಿಗೆ ಸರಿಯಾಗಿ ಕೂತಿತು. ಡಬ್ಬಿಗೆ ಮುಚ್ಚಳ ಕೂತ ಹಾಗೆ. ಇಬ್ಬರ ಮಾತಿನಲ್ಲೂ ತೂಕ ಇದೆ. ನಾನಂತೂ ಲೊಮೆಕ್ವಿಯನ್ನು ತಳ್ಳಿಹಾಕುವುದಿಲ್ಲ. ಹಾಗಂತ ಒಂದೇ ಜಾಗದ 20 ಕಲ್ಲಿನ ಮೇಲೆ 7 ಲಕ್ಷ ವರ್ಷದ ಇತಿಹಾಸವನ್ನು ಹೇರುವುದೂ ಜಾಸ್ತಿ ಆಯಿತು. ಲೊಮೆಕ್ವಿಗೂ ಅದರ ನಂತರದ ಜಾಗಗಳಿಗೂ ನಡುವಿನ ಅಷ್ಟು ದೊಡ್ಡ ಅವಧಿಯಲ್ಲಿ ಕೊಂಡಿಯಾಗುವಂಥ ಇನ್ನೊಂದು ಜಾಗ ಸಿಕ್ಕಿಲ್ಲ.

ಅದಕ್ಕೇ ನಾನು ಮೊದಲು ಹೇಳಿದ್ದು, ದೂರವನ್ನು ನೋಡಿ ಅಂತ.

ಲೊಮೆಕ್ವಿಯಲ್ಲಿ ಬಳಸಿದ ಕಲ್ಲು ನೂರು ಮೀಟರ್ ಒಳಗೇ ಸಿಗುತ್ತಿತ್ತು. ಅಲ್ಲಿ ಎಲ್ಲ ಗಾತ್ರದ ಕಲ್ಲೂ ಇದ್ದವು, ಅವರು ದೊಡ್ಡದನ್ನೇ ಆರಿಸಿದರು. ಆಯ್ಕೆ ಅಂತೂ ಇದೆ. ಆದರೆ ಕಾಯಿ ಜಜ್ಜುವ ಚಿಂಪಾಂಜಿಯೂ ಒಳ್ಳೆ ಕಲ್ಲು ಆರಿಸುತ್ತದೆ, ಒಂದಿಷ್ಟು ದೂರ ಹೊತ್ತುಕೊಂಡೂ ಹೋಗುತ್ತದೆ. ಅದರ ಓಡಾಟವೆಲ್ಲ ಚಿಕ್ಕ ಚಿಕ್ಕ ದೂರದ್ದು. ತಿಂಡಿ ಕಣ್ಣಳತೆಯಲ್ಲೋ ನೆನಪಿನ ಅಳತೆಯಲ್ಲೋ ಇರುತ್ತದೆ.

ನ್ಯಾಯಾಂಗದ ಸ್ಥಿತಿ ಬೇರೆ. ಅಲ್ಲಿನ ಸ್ಥಳೀಯ ಕಲ್ಲು ಮೆತ್ತಗಿನದು. ಅದರಿಂದ ಚಕ್ಕೆ ತೆಗೆದರೂ ಅಂಚು ಬೇಗ ಸವೆಯುತ್ತದೆ. ನೀರಾನೆಯ ಚರ್ಮ ಹೇಗಿರುತ್ತದೆ ಅಂತ ಗೊತ್ತಲ್ಲ, ಬೆರಳುಗಟ್ಟಲೆ ದಪ್ಪ. ಗಟ್ಟಿಯಾದ ಕ್ವಾರ್ಟ್‌ಜೈಟ್‌ನಂಥ ಕಲ್ಲು ಬೇಕೆಂದರೆ ಪರ್ಯಾಯ ದ್ವೀಪ ದಾಟಿ ಪೂರ್ವದ ಹೊಳೆಗಳ ಕಡೆ ಹೋಗಬೇಕಿತ್ತು. ಇದನ್ನು ಮಾಡಿದವರ ತಲೆಯಲ್ಲಿ ಏನೇನಿತ್ತು ನೋಡಿ. ಯಾವ ಕಲ್ಲು ಒಳ್ಳೆಯದು ಅನ್ನುವ ತಿಳಿವಳಿಕೆ. ಅದು ಎಲ್ಲಿ ಸಿಗುತ್ತದೆ ಅನ್ನುವ ನೆನಪು. ಇವತ್ತು ಕೊಯ್ಯಲು ಏನೂ ಇಲ್ಲದಿದ್ದರೂ ಮುಂದೆ ಬೇಕಾಗುತ್ತದೆ ಅನ್ನುವ ಲೆಕ್ಕ. ಕೊನೆಯದ್ದೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮೂರ ಕಡೆ ಹೊಲಕ್ಕೆ ಹೋಗುವವರು ಕೆಲಸ ಇರಲಿ ಇಲ್ಲದಿರಲಿ ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಹಾಗೆ.

ಒಂದು ತಕರಾರನ್ನು ನಾನೇ ಎತ್ತುತ್ತೇನೆ. 13 ಕಿಲೋಮೀಟರ್ ಅಂದರೆ ಒಬ್ಬರೇ ಒಂದೇ ದಿನ ಹೊತ್ತು ತಂದರು ಅಂತಲ್ಲ. ಒಬ್ಬ ಎರಡು ಕಿಲೋಮೀಟರ್ ತಂದು ಬಿಸಾಡಿದ್ದನ್ನು ಇನ್ನೊಬ್ಬ ಎತ್ತಿಕೊಂಡು ಹೋಗಿರಬಹುದು. ಹೀಗೆ ಕೈ ಬದಲಾಗುತ್ತಾ ವರ್ಷಗಳ ಮೇಲೆ ಕಲ್ಲು ದೂರ ಸಾಗಿರಬಹುದು. ಹಾಗಿದ್ದರೂ ಒಳ್ಳೆ ಕಲ್ಲು ಅಂತ ಗುರುತಿಸಿ ಪ್ರತಿಯೊಬ್ಬರೂ ಎತ್ತಿಕೊಂಡಿದ್ದಾರೆ ಅನ್ನುವುದು ಉಳಿಯುತ್ತದೆ. ಇಷ್ಟು ದೂರದ ಸಾಗಣೆಗೆ ಮೊದಲಿದ್ದ ಸಾಕ್ಷಿ ಅದೇ ಹೋಮಾ ಪ್ರದೇಶದ ಕಾಂಜೆರಾ ಎಂಬ ಜಾಗದ್ದು, ಸುಮಾರು 20 ಲಕ್ಷ ವರ್ಷ ಹಳೆಯದು. ಈಗ ಅದು 6 ಲಕ್ಷ ವರ್ಷ ಹಿಂದಕ್ಕೆ ಹೋಗಿದೆ.

ದೂರದ ಜೊತೆಗೆ ಇನ್ನೊಂದು ಅಳತೆ ಅಂದರೆ ಕಾಲ. 2025ರ ನವೆಂಬರ್‌ನಲ್ಲಿ ಡೇವಿಡ್ ಬ್ರೌನ್ ಮತ್ತು ಸಂಗಡಿಗರು ತುರ್ಕಾನಾ ಪ್ರದೇಶದ ನಮೊರೊಟುಕುನಾನ್ ಎಂಬ ಜಾಗದ ವರದಿ ಕೊಟ್ಟರು. ಅಲ್ಲಿ ಒಂದರ ಮೇಲೊಂದು ಮೂರು ಪದರಗಳಲ್ಲಿ ಓಲ್ಡೊವಾನ್ ಉಪಕರಣಗಳಿವೆ. ತಳದ್ದು 27.5 ಲಕ್ಷ ವರ್ಷ, ಮೇಲಿನದು 24.4 ಲಕ್ಷ ವರ್ಷ. ಈ 3 ಲಕ್ಷ ವರ್ಷಗಳಲ್ಲಿ ಹವೆ ಬದಲಾಯಿತು. ಹಸಿರು, ತೇವ ಇದ್ದ ನೆಲ ಒಣಗಿತು, ಕಾಳ್ಗಿಚ್ಚು ಹೆಚ್ಚಿತು. ಕಲ್ಲು ಒಡೆಯುವ ರೀತಿ ಮಾತ್ರ ಹೆಚ್ಚುಕಮ್ಮಿ ಅದೇ. 20 ವರ್ಷಕ್ಕೊಂದು ತಲೆಮಾರು ಅಂದರೆ 15,000 ತಲೆಮಾರು. ಅಜ್ಜಿಯ ಕಾಲದ ಒರಳುಕಲ್ಲು ನಮ್ಮ ಕಾಲಕ್ಕೆ ಮೂಲೆ ಸೇರಿತು. ಇವರು 15,000 ತಲೆಮಾರು ಒಂದೇ ಸಾಮಾನು ಹಿಡಿದು ಬದುಕಿದರು.

ಇದನ್ನು ಕೆಲವರು "ಅಷ್ಟು ಕಾಲ ಏನೂ ಹೊಸದು ಕಲಿಯಲಿಲ್ಲ" ಅಂತ ಓದುತ್ತಾರೆ. ನನಗೆ ಹಾಗೆ ಕಾಣಲ್ಲ. ಸುತ್ತಲಿನ ನೆಲ ಬದಲಾದರೂ ಕೆಲಸಕ್ಕೆ ಬರುವ ಒಂದು ಉಪಾಯ ಕೈಯಲ್ಲಿತ್ತು. ತಿನ್ನುವುದು ಬದಲಾಗಿರಬಹುದು, ಚಕ್ಕೆ ಎಲ್ಲದಕ್ಕೂ ಆಯಿತು. ನ್ಯಾಯಾಂಗದ ಕಲ್ಲುಗಳ ಸವೆತವೂ ಇದನ್ನೇ ಹೇಳುತ್ತದೆ. ಅವುಗಳಿಂದ ಮಾಂಸ ಮಾತ್ರ ಕೊಯ್ದಿಲ್ಲ, ಗೆಡ್ಡೆ ಗೆಣಸಿನಂಥದ್ದನ್ನೂ ಜಜ್ಜಿದ್ದಾರೆ.

ಆದರೆ ಈ ವಿದ್ಯೆ ಒಬ್ಬರಿಂದ ಒಬ್ಬರಿಗೆ ಹೇಗೆ ಬಂತು? ತಾಯಿ ಮಗುವಿಗೆ ತೋರಿಸಿದಳೇ, ಮಗು ನೋಡಿ ಕಲಿಯಿತೇ? 2022ರಲ್ಲಿ ವಿಲಿಯಂ ಸ್ನೈಡರ್, ಕ್ಲಾಡಿಯೋ ಟೆನ್ನಿ ಮತ್ತಿತರರು ಒಂದು ಪ್ರಯೋಗ ಮಾಡಿದರು. ಕಲ್ಲು ಒಡೆಯುವುದು ಗೊತ್ತಿಲ್ಲದ ಜನರ ಮುಂದೆ ಹಗ್ಗ ಕಟ್ಟಿದ ಒಂದು ಪೆಟ್ಟಿಗೆ, ಒಂದಿಷ್ಟು ಕಲ್ಲು ಇಟ್ಟು ಒಬ್ಬೊಬ್ಬರನ್ನೇ ಬಿಟ್ಟರು. ಏನನ್ನೂ ಹೇಳಿಕೊಡಲಿಲ್ಲ. ಹೆಚ್ಚಿನವರು ತಾವೇ ಚಕ್ಕೆ ಮಾಡಿಕೊಂಡರು. ಕೈಯಲ್ಲಿ ಹಿಡಿದು ಹೊಡೆಯುವುದು, ಅಡಿಗಲ್ಲಿಗೆ ಅಪ್ಪಳಿಸುವುದು, ಅಡಿಗಲ್ಲಿನ ಮೇಲಿಟ್ಟು ಜಜ್ಜುವುದು, ಎಸೆಯುವುದು, ನಾಲ್ಕೂ ವಿಧಾನ ಹೊರಬಂದವು. ಅಂದರೆ ಕಾಂಜಿಯ ಉಪಾಯವೂ ಬಂತು, ಲೊಮೆಕ್ವಿಯದ್ದೂ ಬಂತು. ಇದರಿಂದ ಪೂರ್ವಜರಿಗೆ ಗುರು ಬೇಕಿರಲಿಲ್ಲ ಅಂತ ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಪ್ರಯೋಗದವರ ಮಿದುಳು ಇವತ್ತಿನದು. ಚಾಕು ಅಂದರೇನು ಅಂತ ಗೊತ್ತಿದ್ದವರು. ಆದರೂ ಒಂದು ಮಾತು ಇದರಿಂದ ಗಟ್ಟಿಯಾಗುತ್ತದೆ. ಒಡೆಯುವ ಉಪಾಯ ಒಂದೇ ಸಲ, ಒಬ್ಬನಿಗೇ ಹೊಳೆದಿರಬೇಕಿಲ್ಲ. ಹತ್ತಾರು ಕಡೆ ಹೊಳೆದು, ಮರೆತು, ಮತ್ತೆ ಹೊಳೆದಿರಬಹುದು. ಹಾಗಿದ್ದರೆ "ಮೊದಲ ಉಪಕರಣ" ಅನ್ನುವ ಪದಕ್ಕೇ ಅರ್ಥ ಕಡಿಮೆ.

ಯಾವ ಬೆಟ್ಟದಲ್ಲಿ ಒಳ್ಳೆ ಕಲ್ಲಿದೆ ಅನ್ನುವುದು ಹಾಗೆ ಒಬ್ಬೊಬ್ಬರಿಗೂ ಹೊಸದಾಗಿ ಹೊಳೆಯುವಂಥದ್ದಲ್ಲ. ಅದನ್ನು ಗುಂಪಿನ ಜೊತೆ ನಡೆದು ತಿಳಿಯಬೇಕು.

ಕರ್ನಾಟಕದ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಲ್ಲಿನ ವಿಳಾಸದ ವಿಷಯದಲ್ಲಿ ನಮ್ಮಲ್ಲೂ ಒಂದು ಒಳ್ಳೆ ಜಾಗ ಇದೆ. ಕಾಲ ಮಾತ್ರ ಬಹಳ ಈಚಿನದು. ಹುಣಸಗಿ, ಬೈಚಬಾಳ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆಸಿದ್ದು ಒಂದು ಕಲ್ಲುಗಣಿಯನ್ನೇ. ಪ್ರಾಣಿ ಹಲ್ಲುಗಳ ಪರೀಕ್ಷೆಯಿಂದ ಅದಕ್ಕೆ ಸುಮಾರು 12 ಲಕ್ಷ ವರ್ಷ ಅಂತ ಅಂದಾಜು ಮಾಡಿದ್ದಾರೆ. ಅಲ್ಲಿ ಸುಣ್ಣಕಲ್ಲು ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ. ಮನೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ನೋಡಿದ್ದೀರಲ್ಲ, ಅದೂ ಭೀಮಾ ಸೀಮೆಯ ಸುಣ್ಣಕಲ್ಲೇ. ಆ ಚಪ್ಪಡಿಗಳನ್ನು ಎಬ್ಬಿಸಿ, ಬೇಕಾದ ದಪ್ಪದ್ದನ್ನು ಆರಿಸಿ, ಅಲ್ಲೇ ಕೈಕೊಡಲಿ ಮಾಡಿದ್ದಾರೆ. ಇಲ್ಲಿ ಕಲ್ಲು ನಡೆದು ಬರಲಿಲ್ಲ, ಜನರೇ ಕಲ್ಲಿದ್ದಲ್ಲಿಗೆ ಬಂದು ಕೂತರು. ಕೈಕೊಡಲಿ ಓಲ್ಡೊವಾನ್ ಚಕ್ಕೆಯ ಹಾಗಲ್ಲ. ಎರಡೂ ಕಡೆ ಕೆತ್ತಿ, ಮೊದಲೇ ಮನಸ್ಸಿನಲ್ಲಿದ್ದ ಆಕಾರಕ್ಕೆ ತರಬೇಕು. ಆಫ್ರಿಕಾದಲ್ಲಿ ಅದು 17 ಲಕ್ಷಕ್ಕೂ ಹೆಚ್ಚು ವರ್ಷದ ಹಿಂದೆ ಶುರುವಾಯಿತು. ಇಸಾಂಪುರದ ಕಥೆ ಬೇರೆಯೇ ಒಂದು ಲೇಖನ ಬೇಡುತ್ತದೆ.

ಉಳಿದದ್ದು ಒಂದೇ ಪ್ರಶ್ನೆ. ನ್ಯಾಯಾಂಗಕ್ಕೆ ಆ ಕಲ್ಲು ಹೊತ್ತು ತಂದವರು ಯಾರು?

ಹಳೆಯ ಲೆಕ್ಕದ ಪ್ರಕಾರ ಹೋಮೋ ಅನ್ನಬೇಕು. ಆದರೆ ಆ ಜಾಗದಲ್ಲಿ ಸಿಕ್ಕಿದ್ದು ಪಾರಾಂತ್ರೋಪಸ್‌ನ ಎರಡು ದವಡೆ ಹಲ್ಲು. ಓಲ್ಡುವಾಯ್‌ನಲ್ಲಿ ಪಟ್ಟ ಕಳೆದುಕೊಂಡ ಆ ದೊಡ್ಡ ಹಲ್ಲಿನವನ ಬಳಗ. ಇಂಥ ದವಡೆ ಇದ್ದವನಿಗೆ ಚಾಕು ಯಾಕೆ, ಬಾಯಲ್ಲೇ ಗಿರಣಿ ಇದೆಯಲ್ಲ ಅಂತ ದಶಕಗಳ ಕಾಲ ಅಂದುಕೊಂಡಿದ್ದರು. ಈಗ ಹಾಗನ್ನುವುದು ಅಷ್ಟು ಸುಲಭವಲ್ಲ. ನೀರಾನೆ ಮೂಳೆ ಇದ್ದ ಕಡೆಯೇ ಅವನ ಹಲ್ಲೂ ಬಿದ್ದಿದೆ. ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಲ್ಲು ಸಿಕ್ಕ ಮಾತ್ರಕ್ಕೆ ಕಲ್ಲು ಅವನದ್ದೇ ಆಗಬೇಕಿಲ್ಲ. ಬಂದು ಹೋದವನೂ ಆಗಿರಬಹುದು, ಯಾರದೋ ಊಟವೂ ಆಗಿರಬಹುದು.

ಕಲ್ಲು ಅವನದ್ದೇ ಇರಬಹುದು ಅನ್ನುವುದಕ್ಕೆ ಒತ್ತು ಕೊಡುವ ಹಾಗೆ 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ತುರ್ಕಾನಾದ ಪೂರ್ವದಲ್ಲಿ 15 ಲಕ್ಷ ವರ್ಷ ಹಳೆಯ ಪಾರಾಂತ್ರೋಪಸ್ ಬೋಯ್ಸಿಯ ಕೈ ಮೂಳೆಗಳು ತಲೆಬುರುಡೆ, ಹಲ್ಲುಗಳ ಜೊತೆಯಲ್ಲೇ ಸಿಕ್ಕವು. ಕ್ಯಾರಿ ಮಾಂಗಲ್ ಮತ್ತು ಸಂಗಡಿಗರ ಪ್ರಕಾರ ಹೆಬ್ಬೆರಳಿಗೂ ಉಳಿದ ಬೆರಳುಗಳಿಗೂ ಇರುವ ಉದ್ದದ ಅಳತೆ ನಮ್ಮ ಕೈಯಂತೆಯೇ ಇದೆ. ಬೆರಳುಗಳ ಬಿಗಿ ಹಿಡಿತ ಮಾತ್ರ ಗೊರಿಲ್ಲಾದ್ದರ ಹಾಗೆ. ಕಲ್ಲು ಹಿಡಿದು ಹೊಡೆಯಲು ಈ ಕೈಗೆ ಅಡ್ಡಿ ಏನೂ ಇರಲಿಲ್ಲ. ನ್ಯಾಯಾಂಗದವನಿಗೂ ಇದೇ ಕೈ ಇತ್ತೇ ಅನ್ನಲು ನಡುವೆ 10 ಲಕ್ಷ ವರ್ಷಕ್ಕಿಂತ ಜಾಸ್ತಿ ಅಂತರ ಇದೆ. ಅಗೆತ ಮುಂದುವರಿಯುತ್ತಿದೆ. ಈವರೆಗೆ ಬಂದ ವರದಿಗಳ ಮಟ್ಟಿಗೆ, ಆ ಕೊರಕಲಿನಲ್ಲಿ ಹೋಮೋ ಕುಲದವರದ್ದು ಅನ್ನಬಹುದಾದ ಒಂದೇ ಒಂದು ಮೂಳೆಯೂ ಸಿಕ್ಕಿಲ್ಲ.